ಕೊಡುಗೆಯ ಹೊದಿಕೆ: ಕುಬಟೂರು ಪರಿಸರದ ಉಡಿ, ಮೊರ ಮತ್ತು ಬುಟ್ಟಿ

ಕೊಡುಕೊಳ್ಳುವಿಕೆಯನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳು ಕೊಟ್ಟ ವಸ್ತು ಯಾವುದು, ಕೊಟ್ಟವರು ಯಾರು, ಯಾವ ಸಂದರ್ಭದಲ್ಲಿ ಕೊಟ್ಟರು ಎಂಬ ವಿವರಗಳನ್ನು ಸಾಕಷ್ಟು ದಾಖಲಿಸಿವೆ. ಆದರೆ ಯಾವುದರಲ್ಲಿ ಇಟ್ಟು ಕೊಟ್ಟರು, ಕೊಟ್ಟ ಮೇಲೆ ಆ ಹೊದಿಕೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಸಿಕ್ಕಿರುವ ಗಮನ ಅಲ್ಪ. ಮಾರ್ಸೆಲ್ ಮೋಸ್ ೧೯೨೫ರಲ್ಲಿ ಪ್ರಕಟಿಸಿದ ಕೊಡುಗೆಯ ಸಿದ್ಧಾಂತವು ಕೊಡುವ, ಸ್ವೀಕರಿಸುವ ಮತ್ತು ಹಿಂತಿರುಗಿಸುವ ಮೂರು ಕರ್ತವ್ಯಗಳನ್ನು ಗುರುತಿಸಿತು. ಹೊದಿಕೆಯ ಕಡೆಗೆ ವಿದ್ವಾಂಸರ ದೃಷ್ಟಿ ತಿರುಗಿದ್ದು ಮುಖ್ಯವಾಗಿ ಜಪಾನಿನ ಅಧ್ಯಯನಗಳಿಂದ. ಜಾಯ್ ಹೆಂಡ್ರಿ ಅವರು ೧೯೯೩ರಲ್ಲಿ ಪ್ರಕಟಿಸಿದ ಗ್ರಂಥವು ಸುತ್ತುವಿಕೆಯನ್ನು ಒಂದು ಸಂಸ್ಕೃತಿಯ ಲಕ್ಷಣವೆಂದೇ ವಿವೇಚಿಸಿತು. ಹೊದಿಕೆ ಯಾರಿಗೆ ಸೇರಿದ್ದು ಎಂಬ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಜಪಾನ್, ಅಮೆರಿಕ ಮತ್ತು ಸೊರಬ ತಾಲ್ಲೂಕಿನ ಕುಬಟೂರು ಪರಿಸರದ ಪದ್ಧತಿಗಳನ್ನು ಒಟ್ಟಿಗೆ ನೋಡುವ ಯತ್ನವನ್ನು ಈ ಲೇಖನದಲ್ಲಿ ಮಾಡಲಾಗಿದೆ.

ಅಮೆರಿಕದ ಬಣ್ಣದ ಹೊದಿಕೆ ಕಾಗದದ ಚರಿತ್ರೆ ದೀರ್ಘವಾದುದಲ್ಲ. ೧೯೧೭ರ ಕ್ರಿಸ್‌ಮಸ್ ಸಮಯದಲ್ಲಿ ಕ್ಯಾನ್ಸಸ್ ಸಿಟಿಯ ಹಾಲ್ ಸಹೋದರರ ಅಂಗಡಿಯಲ್ಲಿ ಉಡುಗೊರೆ ಸುತ್ತುವ ತೆಳುಕಾಗದ ಮುಗಿದುಹೋಯಿತು. ಲಕೋಟೆಗಳ ಒಳಪದರಕ್ಕೆಂದು ಫ್ರಾನ್ಸಿನಿಂದ ತರಿಸಿದ್ದ ಚಿತ್ತಾರದ ಹಾಳೆಗಳನ್ನು ಅವರು ಮಾರಾಟಕ್ಕಿಟ್ಟರು; ಅವು ಕೂಡಲೇ ಖರ್ಚಾದವು. ಮುಂದೆ ಹಾಲ್‌ಮಾರ್ಕ್ ಎಂದು ಹೆಸರಾದ ಸಂಸ್ಥೆಯ ಈ ವ್ಯಾಪಾರ ಕ್ರಮೇಣ ಒಂದು ಸಾಮಾಜಿಕ ನಿಯಮಕ್ಕೆ ಒತ್ತಾಸೆಯಾಯಿತು. ಸಮಾಜಶಾಸ್ತ್ರದಲ್ಲಿ ‘ಮಿಡ್ಲ್‌ಟೌನ್’ ಎಂದು ಪ್ರಸಿದ್ಧವಾದ ಇಂಡಿಯಾನಾ ರಾಜ್ಯದ ಮನ್ಸಿ ನಗರವನ್ನು ಅಧ್ಯಯನ ಮಾಡಿದ ಥಿಯೋಡರ್ ಕ್ಯಾಪ್ಲೋ ಅವರು ೧೯೮೪ರ ಲೇಖನದಲ್ಲಿ, ಕ್ರಿಸ್‌ಮಸ್ ಉಡುಗೊರೆಯನ್ನು ಸುತ್ತದೆ ಕೊಡಬಾರದೆಂಬ ನಿಯಮವನ್ನು ಯಾರೂ ಹೇಳಿಕೊಡದೆಯೇ ಎಲ್ಲರೂ ಪಾಲಿಸುವುದನ್ನು ತೋರಿಸಿದ್ದಾರೆ. ಪಿಯಾನೊದಂತಹ ಸುತ್ತಲಾಗದ ವಸ್ತುವಿಗೆ ಒಂದು ಪಟ್ಟಿಯನ್ನಾದರೂ ಕಟ್ಟಬೇಕು. ಕಾಗದದ ಕೆಲಸ ಒಳಗಿನದನ್ನು ಮುಚ್ಚಿಟ್ಟು ಅಚ್ಚರಿಯನ್ನು ಕಾಯುವುದು. ಕೊಟ್ಟವರ ಎದುರಿನಲ್ಲಿಯೇ ಅದನ್ನು ಹರಿಯಬೇಕು, ಸಂತೋಷ ಮುಖದಲ್ಲಿ ಕಾಣಬೇಕು. ಹರಿದ ಮೇಲೆ ಆ ಕಾಗದ ಯಾರಿಗೂ ಸೇರಿದುದಲ್ಲ.

ಜಪಾನಿನಲ್ಲಿ ಹೊದಿಕೆಯೇ ಮಾತನಾಡುತ್ತದೆ. ಮೇಲೆ ಅಂಟಿಸುವ ‘ನೋಶಿ’ ಎಂಬ ಮಡಿಕೆಯು ಹಿಂದೆ ಶುಭದ ಕಾಣಿಕೆಯೊಡನೆ ಕೊಡುತ್ತಿದ್ದ, ಎಳೆದು ಒಣಗಿಸಿದ ಸಮುದ್ರದ ಚಿಪ್ಪುಜೀವಿಯ ಪಟ್ಟಿಯ ಪ್ರತೀಕ. ‘ಮಿಜುಹಿಕಿ’ ಎಂಬ ಕಾಗದದ ಹುರಿಗೆ ಹಾಕುವ ಗಂಟಿನಲ್ಲಿಯೂ ವ್ಯತ್ಯಾಸವಿದೆ. ಮಗು ಹುಟ್ಟಿದಾಗ, ಅಂದರೆ ಮತ್ತೆ ಮತ್ತೆ ಬರಲಿ ಎಂದು ಹಾರೈಸುವ ಸಂದರ್ಭದಲ್ಲಿ, ಸುಲಭವಾಗಿ ಬಿಚ್ಚಿ ಮತ್ತೆ ಕಟ್ಟಬಹುದಾದ ಗಂಟು; ಮದುವೆಗೂ ಸಾವಿಗೂ ಬಿಚ್ಚಲಾಗದ ಗಂಟು. ಕಾಣಿಕೆಯನ್ನು ಕೊಟ್ಟವರ ಎದುರಿಗೆ ತೆರೆಯದಿರುವುದು ಅಲ್ಲಿನ ಹಳೆಯ ಮರ್ಯಾದೆ. ‘ಫುರೋಶಿಕಿ’ ಎಂಬ ಚೌಕಾಕಾರದ ಬಟ್ಟೆಯಲ್ಲಿ ಗಂಟುಕಟ್ಟಿ ತಂದವರು ಒಳಗಿನದನ್ನು ಒಪ್ಪಿಸಿ ಬಟ್ಟೆಯನ್ನು ಮಡಿಸಿ ಹಿಂದಕ್ಕೆ ಒಯ್ಯುತ್ತಾರೆ. ಇಲ್ಲಿ ಹೊದಿಕೆ ಕೊಟ್ಟವರದು.

ಈಗ ಕುಬಟೂರಿಗೆ ಬರೋಣ. ಆನವಟ್ಟಿಯ ಸಮೀಪದ ಈ ಗ್ರಾಮ ಶಾಸನಗಳಲ್ಲಿ ಕುಪ್ಪಟೂರು ಎಂದು ಕಾಣಿಸಿಕೊಳ್ಳುತ್ತದೆ. ಕೈಟಭೇಶ್ವರ ದೇವಾಲಯ, ಜೈನ ಬಸದಿ ಮತ್ತು ಹಲವು ದತ್ತಿಶಾಸನಗಳಿಂದ ಇತಿಹಾಸಕಾರರಿಗೆ ಪರಿಚಿತವಾದ ಊರು ಇದು. ಇಂತಹ ಶಾಸನಗಳಲ್ಲಿ ಭೂದಾನವನ್ನು ‘ಧಾರಾಪೂರ್ವಕ’ವಾಗಿ ಕೊಟ್ಟರೆಂಬುದು ರೂಢಿಯ ಒಕ್ಕಣೆ. ಸುತ್ತಿ ಕೊಡಲಾಗದ ಭೂಮಿಗೆ ನೀರಿನ ಧಾರೆಯೇ ಹೊದಿಕೆಯ ಸ್ಥಾನದಲ್ಲಿ ನಿಂತಿತೆನ್ನಬಹುದು. ಜಾನಪದದ ದೃಷ್ಟಿಯಿಂದ ಮುಖ್ಯವಾದುದು ಈ ಊರಿನ ನೆಲೆ. ಪಶ್ಚಿಮಕ್ಕೆ ಮಲೆನಾಡು, ಉತ್ತರ ಪೂರ್ವಗಳಿಗೆ ಹಾನಗಲ್ಲು ಮತ್ತು ಶಿಕಾರಿಪುರದ ಕಡೆಯ ಬಯಲು. ಆದ್ದರಿಂದ ‘ಮಡಿಲು ತುಂಬುವುದು’ ಎಂಬ ಮಾತೂ ‘ಉಡಿ ತುಂಬುವುದು’ ಎಂಬ ಮಾತೂ ಈ ಸೀಮೆಯಲ್ಲಿ ಸಂಧಿಸುತ್ತವೆ.

ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ, ವೀಳ್ಯದೆಲೆ, ಅಡಿಕೆ, ಅರಿಸಿನದ ಕೊಂಬು, ಉತ್ತುತ್ತೆಗಳಿರುತ್ತವೆ. ಗಮನಿಸಬೇಕಾದುದು, ಇವುಗಳನ್ನು ಸುತ್ತುವ ಬಟ್ಟೆ ಕೊಡುವವರದಲ್ಲ. ಪಡೆಯುವವಳು ತಾನು ಉಟ್ಟ ಸೀರೆಯ ಸೆರಗನ್ನೇ ಒಡ್ಡುತ್ತಾಳೆ. ಅಂದರೆ ಹೊದಿಕೆ ಪಡೆದವಳದು. ಅಷ್ಟೇ ಅಲ್ಲ, ಅದು ಅವಳ ಮೈಯ ಭಾಗವೇ ಆಗಿದೆ. ಬಸಿರು, ಫಲ, ತವರು ಈ ಮೂರೂ ಅರ್ಥಗಳು ಅಲ್ಲಿ ಕೂಡುವುದರಿಂದಲೇ ಉಡಿಯನ್ನು ಕಾಗದದಲ್ಲಿ ಸುತ್ತಿ ಕೊಡುವ ಕಲ್ಪನೆ ಇಂದಿಗೂ ಹುಟ್ಟಿಲ್ಲ. ಕೆಲವು ಮನೆಗಳಲ್ಲಿ ಹೊರಡುವ ಮಗಳು ಉಡಿಯಕ್ಕಿಯಲ್ಲಿ ಒಂದು ಹಿಡಿಯನ್ನು ತವರಿಗೇ ಬಿಟ್ಟುಹೋಗುತ್ತಾಳೆ. ಮೋಸ್ ಹೇಳಿದ ಹಿಂತಿರುಗಿಸುವ ಕರ್ತವ್ಯ ಇಲ್ಲಿ ಹೊಸ್ತಿಲು ದಾಟುವ ಮೊದಲೇ ನೆರವೇರುತ್ತದೆ.

ಗೌರಿ ಹಬ್ಬದ ಮೊರದ ಬಾಗಿನ ಇದಕ್ಕಿಂತ ಭಿನ್ನ. ಒಂದು ಮೊರದಲ್ಲಿ ಧಾನ್ಯ, ಬೇಳೆ, ಬೆಲ್ಲ, ಬಳೆ, ಕನ್ನಡಿ, ಬಾಚಣಿಗೆ, ಕರಿಮಣಿ, ಕಣಗಳನ್ನಿಟ್ಟು ಇನ್ನೊಂದು ಮೊರವನ್ನು ಕವುಚಿ ಮುಚ್ಚುತ್ತಾರೆ. ನೋಟಕ್ಕೆ ಇದು ಅಮೆರಿಕದ ಪೆಟ್ಟಿಗೆಯಂತೆಯೇ ಮುಚ್ಚಿದ ಕೊಡುಗೆ. ಆದರೆ ಒಳಗೆ ಏನಿದೆ ಎಂಬುದು ಕೊಡುವವರಿಗೂ ಪಡೆಯುವವರಿಗೂ ನೋಡುವವರಿಗೂ ಗೊತ್ತು. ಮುಚ್ಚುವುದು ಗುಟ್ಟಿಗಾಗಿ ಅಲ್ಲ, ತುಂಬಿದ್ದು ತುಳುಕದಿರಲೆಂದು. ಮೊರವೂ ಬಾಗಿನದ ಭಾಗವೇ. ಮರುದಿನ ಅದು ಪಡೆದವಳ ಅಡುಗೆಮನೆಯಲ್ಲಿ ಅಕ್ಕಿ ಕೇರಬಹುದು.

ಈ ತಾಲ್ಲೂಕಿನಲ್ಲಿ ಹೊದಿಕೆಯ ಅತ್ಯಂತ ಸಮೃದ್ಧ ರೂಪ ಮನುಷ್ಯರಿಗೆ ಕೊಡುವ ಕಾಣಿಕೆಯಲ್ಲಿ ಕಾಣುವುದಿಲ್ಲ, ಭೂಮಿಗೆ ಕೊಡುವುದರಲ್ಲಿ ಕಾಣುತ್ತದೆ. ಸೊರಬ, ಸಾಗರ ಸೀಮೆಯ ದೀವರು ಆಶ್ವೀಜದ ಹುಣ್ಣಿಮೆಯಂದು, ಬತ್ತ ತೆನೆಗಟ್ಟುವ ಕಾಲದಲ್ಲಿ, ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಒಯ್ಯುತ್ತಾರೆ. ಭೂಮಿ ಹುಣ್ಣಿಮೆಯೆಂದೂ, ಬಯಲಿನ ಕಡೆ ಸೀಗೆ ಹುಣ್ಣಿಮೆಯೆಂದೂ ಇದಕ್ಕೆ ಹೆಸರು. ಊಟ ಒಯ್ಯುವ ಬೂಮಣ್ಣಿ ಬುಟ್ಟಿಯನ್ನು ಹೆಂಗಸರು ಹಲವು ದಿನ ಮೊದಲೇ ಸಿದ್ಧಗೊಳಿಸುತ್ತಾರೆ. ಬಿದಿರಿನ ಬುಟ್ಟಿಗೆ ಸೆಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅರೆದ ಅಕ್ಕಿಯ ಬಿಳುಪಿನಿಂದ ಪುಂಡಿ ನಾರಿನ ಕುಂಚದಲ್ಲಿ ಎಳೆಗಳನ್ನೂ ಚುಕ್ಕಿಗಳನ್ನೂ ಬತ್ತದ ಗಿಡಗಳನ್ನೂ ಬರೆಯುತ್ತಾರೆ. ಒಂದು ದೊಡ್ಡದು, ಒಂದು ಚಿಕ್ಕದು. ಅವುಗಳೊಳಗೆ ಕಡುಬು ಮೊದಲಾದ ತಿನಿಸುಗಳು, ಹಲವು ಬಗೆಯ ಸೊಪ್ಪು ಕಾಯಿಗಳನ್ನು ಬೇಯಿಸಿದ ಚರಗ. ಬೆಳಗಿನ ಜಾವ ಗಂಡಸರು ತಲೆಯ ಮೇಲೆ ಹೊತ್ತು ಗದ್ದೆಗೆ ಹೋಗಿ ಚರಗ ಬೀರಿ ಪೂಜಿಸುತ್ತಾರೆ. ಉಳಿದುದನ್ನು ಮನೆಯವರು ಗದ್ದೆಯಲ್ಲಿಯೇ ಉಣ್ಣುತ್ತಾರೆ.

ಚಿತ್ತಾರ ಕುರಿತ ಬರಹಗಳು ಈ ಬುಟ್ಟಿಯನ್ನು ಚಿತ್ರಕಲೆಯ ಅಧ್ಯಾಯದಲ್ಲಿ ಸೇರಿಸುತ್ತ ಬಂದಿವೆ. ಅದು ತಪ್ಪಲ್ಲ, ಆದರೆ ಬುಟ್ಟಿ ಮೊದಲು ಒಂದು ಕಾಣಿಕೆಯ ಹೊದಿಕೆ. ಒಳಗಿನ ಅನ್ನ ಭೂಮಿಗೆ ಸಲ್ಲುತ್ತದೆ, ಬುಟ್ಟಿ ಮನೆಗೆ ಮರಳುತ್ತದೆ. ಈ ಅಂಶದಲ್ಲಿ ಅದು ಫುರೋಶಿಕಿಗೆ ಹತ್ತಿರ. ಹೊದಿಕೆಯ ಮೇಲಿನ ಚಿತ್ತಾರ ಸಂದರ್ಭವನ್ನು ಹೇಳುವುದರಲ್ಲಿ ಮಿಜುಹಿಕಿಗೂ ಹತ್ತಿರ. ಗಂಟಿನ ವಿಷಯಕ್ಕೆ ಹೇಳುವುದಾದರೆ, ಬುತ್ತಿಯ ಗಂಟು ಬಿಚ್ಚಲೆಂದೇ ಕಟ್ಟಿದ್ದು. ತಾಳಿಯ ಮೂರು ಗಂಟು ಬಿಚ್ಚಬಾರದ್ದು. ಎರಡು ದೇಶಗಳ ನಡುವೆ ಇದಕ್ಕಾಗಿ ಸಂಪರ್ಕವನ್ನು ಊಹಿಸಬೇಕಾಗಿಲ್ಲ. ಬಟ್ಟೆಯನ್ನೂ ಬಿದಿರನ್ನೂ ಬಾಳಿಕೆಯ ವಸ್ತುವಾಗಿ ಕಂಡ ಕೃಷಿಕ ಸಮಾಜಗಳು ಹೊದಿಕೆಯನ್ನು ಎಸೆಯಲಾರವು.

ಸೊರಬದ ಗುಡಿಗಾರರ ಗಂಧದ ಕರಂಡಕ ಮಾತ್ರ ಬೇರೆಯೇ ಬಗೆಯದು. ಗಣ್ಯರಿಗೆ ಅರ್ಪಿಸುವ ಬಿನ್ನವತ್ತಳೆಯನ್ನು ಇಡಲು ಕೆತ್ತಿದ ಅಂತಹ ಪೆಟ್ಟಿಗೆಗಳಲ್ಲಿ ಒಳಗಿನ ಹಾಳೆಗಿಂತ ಹೊರಗಿನ ಗಂಧಕ್ಕೇ ಬೆಲೆ.

ಮುಚ್ಚಿದ ಕೊಡುಗೆಯ ಬಗ್ಗೆ ಈ ನೆಲದ ಐತಿಹ್ಯದಲ್ಲಿ ಒಂದು ಶಂಕೆಯೂ ಅಡಗಿದೆ. ಚಂದ್ರಹಾಸನ ಕಥೆಯ ಕುಂತಳನಗರವೆಂದು ಜನ ಗುರುತಿಸುವುದು ಕುಬಟೂರನ್ನೇ. ದುಷ್ಟಬುದ್ಧಿಯು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸಿದ ಮುದ್ರೆಯೊತ್ತಿದ ಓಲೆಯಲ್ಲಿ ಅವನಿಗೆ ವಿಷ ಕೊಡಬೇಕೆಂಬ ಆದೇಶವಿತ್ತು. ವಿಷಯೆ ಅದನ್ನು ಬಿಚ್ಚಿ ಓದಿ ತಿದ್ದಿದ್ದರಿಂದ ಅವನು ಬದುಕಿದನು. ಒಳಗೇನಿದೆಯೆಂದು ತಿಳಿಯದೆ ಹೊತ್ತು ತಂದವನ ಪಾಡು ಅದು. ಇದೊಂದು ಕಥೆಯಿಂದ ಪದ್ಧತಿಯನ್ನು ವಿವರಿಸುವುದು ಅತಿಯಾದೀತು. ಆದರೂ ನಮ್ಮ ಮದುವೆಗಳಲ್ಲಿ ಮುಯ್ಯಿಯನ್ನು ಹೆಸರು ಮೊತ್ತಗಳೊಡನೆ ಗಟ್ಟಿಯಾಗಿ ಓದಿಸುತ್ತಿದ್ದ ಹಳೆಯ ರೂಢಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ಕೊಡುಗೆ ಬಯಲಿನಲ್ಲಿರಬೇಕು, ಏಕೆಂದರೆ ಅದು ಮರಳಿಸಬೇಕಾದ ಋಣ. ಸೇಡಿಗೂ ನಾವು ‘ಮುಯ್ಯಿ’ ಎಂದೇ ಹೇಳುತ್ತೇವೆ. ಒಂದು ರೂಪಾಯಿ ನಾಣ್ಯ ಅಂಟಿಸಿದ ಅಚ್ಚಿನ ಕವರು ಬಂದ ಮೇಲೆ ಮೊತ್ತ ಗುಟ್ಟಾಯಿತು; ಲೆಕ್ಕದ ಪುಸ್ತಕ ಮಾತ್ರ ಉಳಿಯಿತು. ಚಪ್ಪರದಲ್ಲಿ ಕೇಳುತ್ತಿದ್ದ ಧ್ವನಿ ರಾತ್ರಿ ಕೋಣೆಯೊಳಗಿನ ಎಣಿಕೆಯಾಯಿತು.

ಹೊದಿಕೆಯ ಒಡೆತನ ಬದಲಾದುದರ ಪರಿಣಾಮ ನೆರೆಹೊರೆಯಲ್ಲಿ ಹೆಚ್ಚು ಸ್ಪಷ್ಟ. ಹಬ್ಬದ ತಿನಿಸು ತಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂಬುದು ನಮ್ಮ ಕಡೆಯ ಅಲಿಖಿತ ಕಟ್ಟಳೆ. ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ಒಂದು ಹಿಡಿ ಅಕ್ಕಿ. ಜಪಾನಿನಲ್ಲಿಯೂ ಪಾತ್ರೆಯೊಳಗೆ ಸಣ್ಣದೇನನ್ನಾದರೂ ಇಟ್ಟು ಮರಳಿಸುವ ‘ಒ-ಉತ್ಸುರಿ’ ಎಂಬ ಪದ್ಧತಿಯಿದೆ. ಪಾತ್ರೆ ಎರಡು ಮನೆಗಳ ನಡುವೆ ಓಡಾಡುತ್ತಿರುವವರೆಗೂ ಕೊಡುಗೆ ಮುಗಿಯುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಂದ ಹೋಳಿಗೆ ಉಂಡ ಕೂಡಲೇ ಮುಗಿಯುತ್ತದೆ. ಮರಳಿಸಲು ಏನೂ ಇಲ್ಲ, ಮರಳಿ ಹೋಗಲು ನೆಪವೂ ಇಲ್ಲ. ೨೦೧೬ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಜಾರಿಗೆ ಬಂದ ಕೇಂದ್ರದ ನಿಷೇಧದಲ್ಲಿ ಸಿಹಿತಿಂಡಿಯ ಪೆಟ್ಟಿಗೆ ಮತ್ತು ಆಮಂತ್ರಣ ಪತ್ರಿಕೆಗಳ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಜಪಾನಿನ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ ೨೦೦೬ರಲ್ಲಿ ಫುರೋಶಿಕಿಯ ಬಳಕೆಗೆ ಹೊಸ ಪ್ರಚಾರ ಕೊಟ್ಟರು. ಕಸದ ಪ್ರಮಾಣ ಇವುಗಳಿಂದ ತಗ್ಗಬಹುದು. ಪ್ಲಾಸ್ಟಿಕ್ಕಿನ ಬದಲು ಕಾಗದ ಬಂದ ಮಾತ್ರಕ್ಕೆ ಪಾತ್ರೆಯ ಓಡಾಟ ಮರಳಿ ಬರುವುದಿಲ್ಲ.

ಬೂಮಣ್ಣಿ ಬುಟ್ಟಿ ಇಂದು ಕರಕುಶಲ ಮಳಿಗೆಗಳಲ್ಲಿ ಅಲಂಕಾರದ ವಸ್ತುವಾಗಿಯೂ ಮಾರಾಟವಾಗುತ್ತಿದೆ. ಬರೆಯುವ ಹೆಂಗಸರಿಗೆ ಇದರಿಂದ ನಾಲ್ಕು ಕಾಸು ದೊರೆಯುವುದಾದರೆ ಆಕ್ಷೇಪಿಸಬೇಕಾದುದಿಲ್ಲ. ಆದರೆ ಕೊಂಡವರು ಅದನ್ನು ಕಾಗದದಲ್ಲಿ ಸುತ್ತಿಸಿಕೊಂಡು ಒಯ್ಯುತ್ತಾರೆ, ಹೊದಿಕೆಗೇ ಹೊದಿಕೆ. ನಮ್ಮ ಜಾನಪದ ವಸ್ತುಸಂಗ್ರಹಾಲಯಗಳು ಇಂತಹ ಬುಟ್ಟಿಯನ್ನೋ ಮೊರವನ್ನೋ ಪಡೆದಾಗ ಅಳತೆ, ಬಣ್ಣ, ಊರುಗಳ ಜೊತೆಗೆ ಇನ್ನೆರಡು ಅಂಕಣಗಳನ್ನು ಸೇರಿಸಬೇಕು: ಅದು ಏನನ್ನು ಹೊತ್ತು ಎಲ್ಲಿಗೆ ಹೋಗುತ್ತಿತ್ತು, ಮರಳುವಾಗ ಅದರಲ್ಲಿ ಏನಿರುತ್ತಿತ್ತು. ಇವನ್ನು ಹೇಳಬಲ್ಲ ಹಿರಿಯ ಹೆಂಗಸರು ಆನವಟ್ಟಿ, ಕುಬಟೂರು ಸುತ್ತಿನಲ್ಲಿ ಇನ್ನೂ ಇದ್ದಾರೆ.