‘ಒರಟು’: ಸಮಾನಾರ್ಥಕಗಳು, ಸಹಪ್ರಯೋಗಗಳು ಮತ್ತು ದಿನಬಳಕೆ

ಒರಟು, ಗಡಸು, ಬಿರುಸು, ಕಠಿಣ, ಕರ್ಕಶ, ಪರುಷ ಎಂಬ ಪದಗಳನ್ನು ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ನಿಲ್ಲಿಸುವುದು ನಮ್ಮ ಕೋಶರಚನೆಯ ರೂಢಿ. ಇವು ಒಂದರ ಬದಲು ಇನ್ನೊಂದು ಬರುವ ಪದಗಳಲ್ಲ. ಪ್ರತಿಯೊಂದಕ್ಕೂ ಪ್ರತ್ಯೇಕವಾದ ಅನುಭವಕ್ಷೇತ್ರವಿದೆ. ಅವುಗಳಲ್ಲಿ ‘ಒರಟು’ ಪದದ ತಿರುಳು ಗಟ್ಟಿತನವಲ್ಲ, ‘ನಯಗೊಳಿಸದಿರುವಿಕೆ’ ಎಂಬುದನ್ನು ಈ ಲೇಖನ ವಿವರಿಸುತ್ತದೆ. ಉದಾಹರಣೆಗಳನ್ನು ಬೆಂಗಳೂರಿನ ಬೊಮ್ಮನಹಳ್ಳಿ ಪರಿಸರದ ಮಾತಿನಿಂದ ಆಯ್ದುಕೊಳ್ಳಲಾಗಿದೆ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರುವವರೆಗೆ ಪ್ರತ್ಯೇಕ ನಗರಸಭೆಯಾಗಿದ್ದ ಈ ಪ್ರದೇಶದಲ್ಲಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಕಾರಣದಿಂದ ಹಳೆ ಮೈಸೂರಿನ ಕನ್ನಡ, ಉತ್ತರ ಕರ್ನಾಟಕದ ಕನ್ನಡ, ತೆಲುಗು ಮತ್ತು ತಮಿಳು ದಿನವೂ ಎದುರುಬದುರಾಗುತ್ತವೆ.

ಮೊದಲು ಸಹಪ್ರಯೋಗಗಳನ್ನು ನೋಡಬಹುದು. ಬಟ್ಟೆ ಒರಟು, ಕೈ ಒರಟು, ಮಾತು ಒರಟು, ಕೆಲಸವೂ ಒರಟು. ಆದರೆ ನೀರು ಒರಟಾಗಲಾರದು, ಅದು ಗಡಸು. (‘ಗಡಸು ನೀರು’ ಪಠ್ಯಪುಸ್ತಕದ ಮಾತು, ಬೀದಿಯಲ್ಲಿ ಅದು ‘ಬೋರ್ ನೀರು’ ಅಥವಾ ‘ಉಪ್ಪು ನೀರು’.) ಮಳೆ ಬಿರುಸು, ಪ್ರಶ್ನೆ ಮತ್ತು ಶಿಕ್ಷೆ ಕಠಿಣ. ಸಂಸ್ಕೃತದಲ್ಲಿ ಸ್ಪರ್ಶದ ಒರಟುತನವನ್ನೂ ಹೇಳುತ್ತಿದ್ದ ‘ಕರ್ಕಶ’ ಪದವು ಕನ್ನಡದ ಬಳಕೆಯಲ್ಲಿ ಬಹುಮಟ್ಟಿಗೆ ಕಿವಿಗೆ ಸೀಮಿತಗೊಂಡಿದೆ: ಹಾರನ್ ಕರ್ಕಶವಾಗಿರುತ್ತದೆ, ಗೋಣಿಚೀಲವನ್ನು ಯಾರೂ ಕರ್ಕಶವೆನ್ನುವುದಿಲ್ಲ. ‘ಪರುಷ’ ಆಡುಮಾತಿನಲ್ಲಿ ನೆಲೆಗೊಳ್ಳಲೇ ಇಲ್ಲ. ಕನ್ನಡಿಗರ ಕಿವಿಗೆ ಪರುಷವೆಂದರೆ ಮುಟ್ಟಿದ್ದನ್ನು ಚಿನ್ನವಾಗಿಸುವ ಕಲ್ಲು, ಅಂದರೆ ‘ಸ್ಪರ್ಶ’ದ ತದ್ಭವ. ಈ ಸಮರೂಪತೆಯೂ ಬಿರುನುಡಿಯ ಅರ್ಥದ ‘ಪರುಷ’ಕ್ಕೆ ಅಡ್ಡಿಯಾಗಿರಬೇಕೆಂದು ನನ್ನ ಅನಿಸಿಕೆ.

ವಿರುದ್ಧಪದಗಳು ಇನ್ನೂ ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸುತ್ತವೆ. ಗಡಸಿಗೆ ಎದುರು ‘ಮೆದು’. ಒರಟಿಗೆ ಎದುರು ‘ನಯ’. ಬಟ್ಟೆ, ಮಾತು, ಕೆಲಸ ಮೂರಕ್ಕೂ ‘ನಯ’ ಸಲ್ಲುತ್ತದೆ. ‘ಒರಟು’ ಸಲ್ಲುವುದೂ ಈ ಮೂರಕ್ಕೇ. ಆದುದರಿಂದ ಮೇಲ್ಮೈಯ ಉರುಟು, ನಡವಳಿಕೆಯ ಬಿರುಸು, ಕೈಕೆಲಸದ ಅಡ್ಡಾದಿಡ್ಡಿತನ ಎಂದು ಮೂರು ಅರ್ಥಗಳನ್ನು ಬೇರೆಬೇರೆಯಾಗಿ ಎಣಿಸಬೇಕಾಗಿಲ್ಲ. ಕೊನೆಯ ಕೈ ಆಡಿಸದೆ ಬಿಟ್ಟದ್ದು ಒರಟು. ಹೊಲಿಗೆ ಕಾರ್ಖಾನೆಯ ಮಾತಿನಲ್ಲಿ ‘ಫಿನಿಶಿಂಗ್ ಇಲ್ಲ’ ಎಂಬ ಆಕ್ಷೇಪಣೆಯೂ ‘ರಫ್ ಆಗಿದೆ’ ಎಂಬ ಆಕ್ಷೇಪಣೆಯೂ ಒಂದೇ ದೋಷವನ್ನು ಸೂಚಿಸುವುದು ಇದೇ ಕಾರಣಕ್ಕೆ. ಶಾಲೆಯ ಮಕ್ಕಳ ‘ರಫ್ ಪುಸ್ತಕ’ವೂ ಹೀಗೆಯೇ. ಅಲ್ಲಿ ಕನ್ನಡ ‘ಒರಟು’ ಪದವನ್ನು ಬಳಸದೆ ‘ಕರಡು’ ಎನ್ನುತ್ತದೆ: ಕರಡು ಪ್ರತಿ, ಕರಡು ಮಸೂದೆ, ಕರಡು ಮತದಾರರ ಪಟ್ಟಿ. ತಮಿಳಿನಲ್ಲಿ ಏರುತಗ್ಗಿನ ದಾರಿಯನ್ನು ‘ಕರಡುಮುರಡು’ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟರೆ ‘ಒರಟು’ ಮತ್ತು ‘ಅಪೂರ್ಣ’ ಎಂಬ ಭಾವಗಳ ನಂಟು ಕನ್ನಡಕ್ಕಷ್ಟೇ ಸೇರಿದ್ದಲ್ಲವೆಂದು ತೋರುತ್ತದೆ. ತೆಲುಗಿನ ‘ಮೊರಟು’, ತಮಿಳಿನ ‘ಮುರಡು’ ಅರ್ಥವ್ಯಾಪ್ತಿಯಲ್ಲಿ ನಮ್ಮ ‘ಒರಟು’ವಿಗೆ ಬಹಳ ಸಮೀಪದವು. ಪದಾದಿಯ ಮಕಾರಲೋಪ ಕನ್ನಡದಲ್ಲಿ ನಿಯತವಾದುದಲ್ಲ. ಆದುದರಿಂದ ಇಲ್ಲಿಯ ಹೋಲಿಕೆ ಅರ್ಥಕ್ಕೆ ಮಾತ್ರ ಸಂಬಂಧಿಸಿದ್ದು.

ಇನ್ನು ಪದವರ್ಗದ ಪ್ರಶ್ನೆ. ‘ಒರಟು’ ಗುಣವಾಚಕವೇ?

(1) ಈ ಬಟ್ಟೆ ಒರಟು.
(2) *ಈ ಬಟ್ಟೆ ಹೊಸ.
(3) ಈ ಬಟ್ಟೆ ಹೊಸದು.

ಹೊಸ, ದೊಡ್ಡ, ಒಳ್ಳೆಯ ಎಂಬವು ಆಖ್ಯಾತ ಸ್ಥಾನದಲ್ಲಿ ಪ್ರತ್ಯಯವಿಲ್ಲದೆ ನಿಲ್ಲಲಾರವು. ‘ಒರಟು’ ನಾಮಪದದಂತೆ ನಿಲ್ಲುತ್ತದೆ. ತಮಿಳಿನಲ್ಲಿ ‘ಮುರಡು’ ವಿಶೇಷಣವಾದಾಗ ‘ವೀಡು–ವೀಟ್ಟು’ ಮಾದರಿಯಲ್ಲಿ ‘ಮುರಟ್ಟು’ ಆಗುವುದೂ ನಾಮಪದದ ಲಕ್ಷಣವೇ. ಗುಣವಾಚಕವನ್ನು ಸ್ವತಂತ್ರ ವರ್ಗವಾಗಿ ಗುರುತಿಸುವ ಮಾನದಂಡಗಳನ್ನು ಡಿ. ಎನ್. ಶಂಕರ ಭಟ್ಟರು 1994ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ನಾಮತ್ವದಲ್ಲಿಯೂ ತರತಮವಿದೆ: ‘ಬಿರುಸಿನ ಮಳೆ’ ಸಹಜ, ‘*ಒರಟಿನ ಬಟ್ಟೆ’ ಅಸಹಜ. ಷಷ್ಠಿಯನ್ನು ಒಪ್ಪದ ‘ಒರಟು’ ಎರಡು ವರ್ಗಗಳ ನಡುವಿನ ಗಡಿಯಲ್ಲಿ ನಿಂತಿದೆ.

ಪುರುಷವಾಚಿ ರೂಪವಾದ ‘ಒರಟ’ ಇಲ್ಲಿ ವಿಶೇಷ ಗಮನಕ್ಕೆ ಅರ್ಹ. ‘ಒರಟನಾದರೂ ಒಳ್ಳೆಯವನು’ ಎಂಬ ವಾಕ್ಯ ಎಲ್ಲರ ಬಾಯಲ್ಲೂ ಬರುತ್ತದೆ. ‘ನಯವಂಚಕ’ ಎಂಬ ಸಮಾಸಪದವೂ ಉಂಟು. ನಯಗೊಳಿಸದವನು ಮರೆಮಾಚುವುದೂ ಇಲ್ಲವೆಂಬ ಗ್ರಹಿಕೆ ಇವೆರಡರ ಹಿಂದೆಯೂ ಇದೆ. ಈ ರಿಯಾಯಿತಿ ಹೆಂಗಸರಿಗೆ ದೊರೆಯುವುದಿಲ್ಲ. ಗಟ್ಟಿದನಿಯಲ್ಲಿ ಜಗಳಕ್ಕೆ ನಿಲ್ಲುವ ಹೆಂಗಸಿಗೆ ಭಾಷೆ ‘ಗಯ್ಯಾಳಿ’ ಎಂಬ ಬೇರೆಯೇ ಪದವನ್ನು ಇಟ್ಟುಕೊಂಡಿದೆ. ‘ಗಯ್ಯಾಳಿಯಾದರೂ ಒಳ್ಳೆಯವಳು’ ಎಂಬುದು ವ್ಯಾಕರಣಕ್ಕೆ ಸರಿಯಾದರೂ ರೂಢಿಯ ಮಾತಲ್ಲ. ಪೂರ್ಣಚಂದ್ರ ತೇಜಸ್ವಿಯವರು ‘ಕಿರಗೂರಿನ ಗಯ್ಯಾಳಿಗಳು’ ಎಂದು ಆ ಬೈಗುಳವನ್ನೇ ಶೀರ್ಷಿಕೆಯಾಗಿಸಿದ್ದರ ಮೊನಚು ಈ ಅಸಮತೆಯಲ್ಲಿದೆ.

ಇಡೀ ಉಪಭಾಷೆಯೊಂದಕ್ಕೆ ‘ಒರಟು’ ಎಂಬ ಹಣೆಪಟ್ಟಿ ಅಂಟಿದಾಗ ಪರಿಣಾಮ ಇನ್ನೂ ಗಂಭೀರ. ಉತ್ತರ ಕರ್ನಾಟಕದ ಮಾತು ಒರಟೆಂಬ ಅಭಿಪ್ರಾಯ ಬೆಂಗಳೂರಿನಲ್ಲಿ ಅಪರೂಪವಲ್ಲ. ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ ‘ಮುಗೀತಾ?’ ಎಂದು ಕೇಳಿದನೆಂದುಕೊಳ್ಳೋಣ. ಹಳೆ ಮೈಸೂರಿನ ಕಡೆಯವಳು ‘ಇಲ್ಲ ಸರ್’ ಎನ್ನುತ್ತಾಳೆ. ಧಾರವಾಡದ ಕಡೆಯವಳು ‘ಇಲ್ರೀ’ ಎನ್ನುತ್ತಾಳೆ. ಆಕೆಯ ಕನ್ನಡದಲ್ಲಿ ‘ರೀ’ ಹಿರಿಯರಿಗೂ ಸಲ್ಲುವ ಗೌರವಸೂಚಕ. ಮೇಲ್ವಿಚಾರಕನ ಕನ್ನಡದಲ್ಲಿ ಅದು ಸಮಾನರ ನಡುವಿನ, ಕೆಲವೊಮ್ಮೆ ಸಿಡುಕಿನ ಸಂಬೋಧನೆ (‘ಏನ್ರೀ ಇದು!’). ಆಡಿದ್ದು ಗೌರವ, ಕೇಳಿಸಿದ್ದು ಒರಟು. ಇಲ್ಲಿ ದೋಷ ಧ್ವನಿಯಲ್ಲಿಯೂ ಇಲ್ಲ, ಪದದಲ್ಲಿಯೂ ಇಲ್ಲ; ಒಂದೇ ಪ್ರತ್ಯಯದ ಎರಡು ಸಾಮಾಜಿಕ ಮೌಲ್ಯಗಳ ನಡುವಿನ ಅಂತರದಲ್ಲಿದೆ. ಹೀಗಿರುವಾಗ ಉಪಭಾಷಾ ವರ್ಣನೆಯಲ್ಲಿ ‘ಒರಟು’ ಎಂಬ ವಿಶೇಷಣವನ್ನು ಲಕ್ಷಣವೆಂದು ದಾಖಲಿಸುವ ಸಂಶೋಧಕರು, ಆ ಮಾತನ್ನು ಆಲಿಸಿದವರು ಯಾವ ಸೀಮೆಯವರೆಂಬುದನ್ನೂ ಜೊತೆಗೇ ದಾಖಲಿಸಬೇಕಾಗುತ್ತದೆ.