ಗಾಜಿನ ತೊಟ್ಟಿಯ ಪಿರಾನ್ಹಾ ಕೆರೆಗೆ ಬೇಡ

ಪೇಟೆಗೆ ಹೋದ ಮಕ್ಕಳು ಪ್ಲಾಸ್ಟಿಕ್ ಚೀಲದಲ್ಲಿ ಬಣ್ಣದ ಮೀನುಮರಿ ತರುವುದು ಈಗ ಹಳ್ಳಿಗೂ ಹೊಸತಲ್ಲ. ಎದೆ ಕೆಂಪಗಿದ್ದರೆ 'ಪಿರಾನ್ಹಾ' ಎಂಬ ಹೆಸರೂ ಅಂಟಿಕೊಂಡಿರುತ್ತದೆ. ಎಷ್ಟೋ ಸಲ ಅದು ಪಿರಾನ್ಹಾ ಅಲ್ಲ, ಪಾಕು. ಆಂಧ್ರ, ಬಂಗಾಳದ ಕೆರೆಗಳಲ್ಲಿ ತಿನ್ನಲೆಂದೇ ಸಾಕುವ ರೂಪ್‌ಚಂದ್ ಇದೇ.

ಗುರುತು ಬಾಯಲ್ಲಿದೆ. ಪಿರಾನ್ಹಾದ ಕೆಳದವಡೆ ಮುಂದೆ ಚಾಚಿರುತ್ತದೆ. ಹಲ್ಲು ಗರಗಸದಂತೆ ತ್ರಿಕೋನ. ಪಾಕುವಿನದ್ದು ನಮ್ಮ ದವಡೆ ಹಲ್ಲಿನಂತೆ ಚಪ್ಪಟೆ. ಹಣ್ಣು, ಬೀಜ ಜಗಿಯಲಿಕ್ಕೆ ಆದದ್ದು. ಎರಡರದ್ದೂ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ.

ಸಾಕುವುದು ಸುಲಭವೇ? ಲೆಕ್ಕ ಹಾಕಿ. ಬೆಳೆದ ಪಿರಾನ್ಹಾ ಸುಮಾರು ಒಂದಡಿ. ಒಂಟಿಯಾಗಿಟ್ಟರೆ ಬೆದರುತ್ತದೆ, ಗುಂಪು ಬೇಕು. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಗೆ 560 ಲೀಟರ್ ನೀರು. ನೀರಿನ ಭಾರವೇ ಐದೂವರೆ ಕ್ವಿಂಟಾಲ್! ಹಸಿದರೆ ಒಂದರ ರೆಕ್ಕೆ ಇನ್ನೊಂದು ಕಚ್ಚುತ್ತದೆ. ಆಹಾರಕ್ಕೆ ಮೀನಿನ ತುಂಡು, ಸಿಗಡಿ ಸಾಕು. ಕೋಳಿ, ಕುರಿ ಮಾಂಸದ ಕೊಬ್ಬು ಅದಕ್ಕೆ ಒಗ್ಗದು. ಉಳಿದ ತುಂಡನ್ನು ಆಗಲೇ ತೆಗೆಯದಿದ್ದರೆ ಕೊಳೆತು ಅಮೋನಿಯಾ ಏಳುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಕರೆಂಟು ಹೋಗಿ ಫಿಲ್ಟರ್ ನಿಂತರೆ ಮೀನಿನ ಜೀವಕ್ಕೇ ಸಂಚಕಾರ.

ಇಷ್ಟೆಲ್ಲ ಸಾಕಾದಾಗ ಮನುಷ್ಯ ಮಾಡುವ ಕೆಲಸ ಒಂದೇ: "ಪಾಪ, ಬದುಕಿಕೊಳ್ಳಲಿ" ಎಂದು ಕೆರೆಗೆ ಬಿಡುವುದು. ಅಪಾಯ ಇರುವುದು ಇಲ್ಲೇ. 2018ರ ನೆರೆಯ ನಂತರ ಕೇರಳದ ನದಿಗಳಲ್ಲಿ ಅರಪೈಮಾ, ಅಲಿಗೇಟರ್ ಗಾರ್ ಬಲೆಗೆ ಬಿದ್ದವು. ಸಾಕುವವರ ಕೊಳ, ತೊಟ್ಟಿಗಳಿಂದ ನೀರಿನೊಂದಿಗೆ ಹೊರಟವು ಅವು. ಎರಡೂ ಮನುಷ್ಯನಿಗಿಂತ ಉದ್ದ ಬೆಳೆಯುವ ಮಾಂಸಾಹಾರಿಗಳು. ಗಾರ್ ಮೀನಿನ ಮೊಟ್ಟೆಯಂತೂ ವಿಷ. ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧವಾದರೂ ನಮ್ಮ ನೀರಿನಿಂದ ತೊಲಗಿಲ್ಲ. ಒಮ್ಮೆ ಹೊಳೆ ಸೇರಿದ್ದನ್ನು ಹೆಕ್ಕಿ ತೆಗೆಯುವವರು ಯಾರು? ಕಾಟ್ಲಾ, ರೋಹು ಮರಿ ಬಿಟ್ಟವನ ದುಡ್ಡು ಅದರ ಹೊಟ್ಟೆಗೆ.

ಹಾಗಾಗಿ ಇಷ್ಟು ನೆನಪಿಡಿ. ಕೊಳ್ಳುವ ಮೊದಲೇ ಪೂರ್ತಿ ಬೆಳೆದಾಗಿನ ಅಳತೆ ಕೇಳಿ. ಬೇಡವಾದರೆ ಅಂಗಡಿಗೋ, ಸಾಕುವ ಬೇರೊಬ್ಬರಿಗೋ ಕೊಡಿ. ಸತ್ತದ್ದನ್ನು ತೆಂಗಿನ ಬುಡದಲ್ಲಿ ಹೂಳಿ. ತೊಟ್ಟಿಯ ಕೊಳೆ ನೀರು ತೋಡಿಗೆ ಬೇಡ. ಉಪ್ಪು, ಔಷಧ ಹಾಕದಿದ್ದರೆ ಗಿಡಕ್ಕೆ ಒಳ್ಳೆಯ ಗೊಬ್ಬರ.

ಬೇಟೆಯಾಡುವ ಮೀನೇ ಬೇಕೆಂಬ ಹಠವೇ? ನಮ್ಮ ಕೊರವ ಮೀನು ಏನು ಕಡಿಮೆ! ಮೇಲೆ ಬಂದು ಗಾಳಿ ಕುಡಿಯುತ್ತದೆ, ಮರಿಗಳನ್ನು ಕಾಯುತ್ತದೆ. ತೊಟ್ಟಿಗೆ ಮುಚ್ಚಳ ಮಾತ್ರ ಗಟ್ಟಿಯಿರಲಿ, ಹಾರುವುದರಲ್ಲಿ ನಿಸ್ಸೀಮ.