ಪ್ರತಿಮೆ ಬಾಯಿಬಿಟ್ಟಾಗ...

ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಸೇರುವಲ್ಲಿ ಒಂದು ಯುದ್ಧ ಸ್ಮಾರಕವಿದೆ. ನನಗದು ವರ್ಷಗಟ್ಟಲೆ ‘ಅಲ್ಲೇ ನಿಂತಿರು, ಬಂದೆ’ ಅಂತ ಫ್ರೆಂಡ್ಸ್‌ಗೆ ಹೇಳೋ ಜಾಗ, ಅಷ್ಟೇ. ಅದು ಮದ್ರಾಸ್ ಪಯನಿಯರ್ಸ್ ಸೈನಿಕರ ನೆನಪಿಗೆ ಕಟ್ಟಿದ್ದು ಅಂತ ತಿಳಿದುಕೊಂಡಿದ್ದು ಮೊನ್ನೆ ಮೊನ್ನೆ, ಮೊಬೈಲ್‌ನಲ್ಲಿ ಒಂದು ವಿಡಿಯೊ ನೋಡಿದ ಮೇಲೆ.

ಆ ವಿಡಿಯೊದಲ್ಲಿದ್ದದ್ದು ನ್ಯೂಯಾರ್ಕ್‌ನ ಯೂನಿಯನ್ ಸ್ಕ್ವೇರ್. ಅಲ್ಲಿ 1870ರಿಂದ ಅಬ್ರಹಾಂ ಲಿಂಕನ್‌ರ ಕಂಚಿನ ಪ್ರತಿಮೆಯಿದೆ. 2012ರ ಚಳಿಗಾಲದ ರಾತ್ರಿಗಳಲ್ಲಿ ಆ ಪ್ರತಿಮೆ ಮಾತಾಡಿತು! ಕಲಾವಿದ ಕ್ರಿಸ್ಟೋಫ್ ವೊಡಿಚ್ಕೊ, ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ ಯುದ್ಧಗಳಿಂದ ಮರಳಿದ ಸೈನಿಕರನ್ನೂ ಅವರ ಮನೆಯವರನ್ನೂ ಮಾತಾಡಿಸಿ ಚಿತ್ರೀಕರಿಸಿದ್ದರು. ಅವರ ಮುಖ, ಕೈಗಳು ಲಿಂಕನ್‌ರ ಮುಖ, ಕೈಗಳ ಮೇಲೇ ಬೀಳುವಂತೆ ಪ್ರೊಜೆಕ್ಟರ್ ಹಚ್ಚಿ, ದನಿಯನ್ನು ಸ್ಪೀಕರ್‌ನಲ್ಲಿ ಕೇಳಿಸಿದರು. ಅವರು ಹೇಳಿದ್ದು ಗೆಲುವಿನ ಕಥೆಯಲ್ಲ, ಮನೆಗೆ ಮರಳಿದ ಮೇಲಿನ ಕಷ್ಟ.

ವೊಡಿಚ್ಕೊ ಹುಟ್ಟಿದ್ದು 1943ರಲ್ಲಿ, ಯುದ್ಧದ ನಡುವಿನ ವಾರ್ಸಾದಲ್ಲಿ. 1999ರಲ್ಲಿ ಅವರು ಹಿರೋಷಿಮಾದ ಅಣುಬಾಂಬ್ ಗುಮ್ಮಟದ ಕೆಳಗಿನ ನದಿದಂಡೆಯ ಮೇಲೆ ಬರೀ ಕೈಗಳನ್ನು ಮೂಡಿಸಿದ್ದರು. ಬಾಂಬಿಗೆ ಸಿಕ್ಕು ಬದುಕುಳಿದವರ ದನಿ, ಮಾತಿನ ಜೊತೆ ಅಲುಗುವ ಕೈಗಳು. ಪಾಳುಬಿದ್ದ ಕಟ್ಟಡವೇ ಕೂತು ಮಾತಾಡಿದಂತೆ.

ಸ್ಮಾರಕ ಕಟ್ಟಿದ ಮೇಲೆ ನೆನಪಿಡೋ ಕೆಲಸವನ್ನೂ ಕಲ್ಲಿಗೇ ಬಿಟ್ಟುಬಿಡ್ತೀವಿ ಅಲ್ವಾ ಅನ್ನಿಸಿತು.

ನಮ್ಮ ಮಾವ ಶ್ರೀಲಂಕಾಕ್ಕೆ ಹೋಗಿದ್ದ ಶಾಂತಿಪಾಲನಾ ಪಡೆಯಲ್ಲಿದ್ದವರು. ಜನವರಿ 26 ಬಂದರೆ ಊರಿನ ಶಾಲೆಯಲ್ಲಿ ಅವರಿಗೊಂದು ಶಾಲು, ಹಾರ, ಫೋಟೊ. ಮೈಕ್ ಮಾತ್ರ ಬೇರೆಯವರ ಕೈಯಲ್ಲಿ. ದೀಪಾವಳಿ ರಾತ್ರಿ ಅವರು ‘ಪಂಪ್‌ಸೆಟ್ ನೋಡಿ ಬರ್ತೀನಿ’ ಅಂತ ತೋಟಕ್ಕೆ ಹೊರಟರೆ ನಾವು ಮಕ್ಕಳೆಲ್ಲ ಮುಸಿಮುಸಿ ನಗ್ತಿದ್ವಿ.

ವಿಡಿಯೊ ನೋಡಿದ ರಾತ್ರಿ ಫೋನ್ ಮಾಡಿ, ‘ಅಲ್ಲಿಂದ ಬಂದ ಮೇಲೆ ಹೇಗಿತ್ತು ಮಾವ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಪಟಾಕಿ ಸದ್ದು ಆಗ್ತಿರಲಿಲ್ಲ ಕಣೋ. ತೋಟದಲ್ಲಿ ಕೇಳಿಸಲ್ಲ’ ಅಂದರು.

ಮೂವತ್ತು ವರ್ಷ ಯಾರೂ ಕೇಳಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ, ಶಾಲು ಹೊದಿಸೋ ಮೊದಲು ಒಮ್ಮೆ ಪಕ್ಕದಲ್ಲಿ ಕೂತು ಕೇಳಿ. ಅವರು ಮಾತಾಡದಿದ್ದರೂ ಪರವಾಗಿಲ್ಲ, ಸ್ವಲ್ಪ ಹೊತ್ತು ಕೂತಿರಿ.